ಅಂಗಡಿಯ ಉದ್ರಿ, ಓಣಿಯ ಲೆಕ್ಕ

(ವಿಜಯಪುರದ ಬಡಾವಣೆಯೊಂದರ ನಿವಾಸಿಗಳು ಕರೆದಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತನಾಡಿದವರು ಬಾಗಲಕೋಟೆ ನವನಗರದ ಒಂದು ಸೆಕ್ಟರ್ ಸಂಘದ ಕಾರ್ಯದರ್ಶಿ.)

ಇಲ್ಲಿ ಕೂತವರಲ್ಲಿ ಎಷ್ಟು ಮನೆಯ ಲೆಕ್ಕ ಹತ್ತಿರದ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿದೆ? ಕೈ ಎತ್ತಬೇಡಿ, ಮನಸ್ಸಿನಲ್ಲೇ ನೆನಪು ಮಾಡಿಕೊಳ್ಳಿ. ನಮ್ಮ ಮನೆಯದೂ ಇದೆ.

ಆ ಪುಸ್ತಕವನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಉದ್ದನೆಯ ನೋಟ್‌ಬುಕ್, ಎಣ್ಣೆ ಹತ್ತಿ ಹತ್ತಿ ರಟ್ಟು ಕಪ್ಪಾಗಿದೆ. ಪೆನ್ನಿಗೆ ದಾರ ಕಟ್ಟಿ ಮೊಳೆಗೆ ಬಿಗಿದಿದ್ದಾರೆ. ಒಳಗೆ ಯಾರ ಪೂರ್ತಿ ಹೆಸರೂ ಇಲ್ಲ. ‘ಮೂಲಿಮನಿ ಅಕ್ಕಾರು’, ‘ನೀಲಿ ಗೇಟು’, ‘ಮಾಸ್ತರ ಮನಿ’, ‘ಮ್ಯಾಲಿನ ರೂಮಿನ ಹುಡುಗೂರು’. ಅದರ ಕೆಳಗೆ ಅರ್ಧ ಕೆಜಿ ತೊಗರಿ ಬೇಳೆ, ಒಂದು ಚಹಾಪುಡಿ, ಎರಡು ಹಾಲು, ಒಂದು ಬಟ್ಟೆ ಸಾಬೂನು. ಎದುರಿಗೆ ರೊಕ್ಕ. ಪುಟದ ಮೇಲೆ ಅಡ್ಡಗೆರೆ ಎಳೆದಿದ್ದರೆ ರೊಕ್ಕ ಮುಟ್ಟಿತು ಅಂತ ಅರ್ಥ. ಗೆರೆ ಇಲ್ಲದ ಪುಟಗಳೇ ಜಾಸ್ತಿ ಇದ್ದವು.

ಸಣ್ಣ ವ್ಯಾಪಾರಿಗಳಿಗೆ ಸಂಘ ಹೇಗೆ ಸಹಾಯ ಮಾಡಬೇಕು ಅಂತ ನೀವು ವಿಷಯ ಕೊಟ್ಟಿದ್ದೀರಿ. ಆ ಪುಸ್ತಕ ನೋಡಿದ ದಿನ ನನಗೆ ಗೊತ್ತಾಗಿದ್ದು ಏನೆಂದರೆ, ಅಷ್ಟು ವರ್ಷ ನಮಗೆ ಸಹಾಯ ಮಾಡುತ್ತಾ ಬಂದವರು ಅವರು. ಬಡ್ಡಿ ಇಲ್ಲ, ಕಾಗದ ಇಲ್ಲ, ಜಾಮೀನು ಇಲ್ಲ. ಮುಖ ನೋಡಿ ಇಡೀ ಓಣಿಗೆ ಸಾಲ ಕೊಟ್ಟಿದ್ದಾರೆ. ಆ ಸಾಲ ತೀರಿಸುವುದರಿಂದ ನಮ್ಮ ಕೆಲಸ ಶುರುವಾಯಿತು.

ಅದಕ್ಕೂ ಮೊದಲು ನಮ್ಮ ಊರಿನದು ಸ್ವಲ್ಪ ಹೇಳಬೇಕು.

ನಾನು ಹಳೇ ಬಾಗಲಕೋಟೆಯವನು. ನಿಮ್ಮಲ್ಲಿ ಕೊಲ್ಹಾರ ಕಡೆಯವರಿದ್ದರೆ ನನ್ನ ಮಾತು ಬೇಗ ತಿಳಿಯುತ್ತದೆ, ನಾವೂ ನೀವೂ ಒಂದೇ ನೀರಿನಲ್ಲಿ ಊರು ಕಳೆದುಕೊಂಡವರು. ಆಲಮಟ್ಟಿಯಲ್ಲಿ ನೀರು 519.6 ಮೀಟರ್ ಮಟ್ಟಕ್ಕೆ ನಿಲ್ಲುತ್ತದೆ ಅಂದಾಗ ಹಿನ್ನೀರು ಘಟಪ್ರಭೆಯ ಗುಂಟ ಮೇಲೇರಿ ಬಂತು. ಊರಿನ ತಗ್ಗಿನ ಓಣಿಗಳು ಹೋದವು. ಸರ್ಕಾರ ನವನಗರ ಕಟ್ಟಿಕೊಟ್ಟಿತು. ಅಗಲವಾದ ರಸ್ತೆ, ಸೆಕ್ಟರು, ಸೈಟು, ಗಿಡಮರ ಎಲ್ಲಾ ಬಂತು.

ನಮ್ಮಪ್ಪನದು ಹಳೇ ಊರಲ್ಲಿ ಕಿರಾಣಿ ಅಂಗಡಿ ಇತ್ತು. ಹೊಸ ಊರಿಗೆ ಬಂದ ಮೇಲೆ ಮನೆ ಮುಂದೆ ತಗಡಿನ ಶೆಡ್ ಹಾಕಿ ಮತ್ತೆ ಅಂಗಡಿ ತೆರೆದ. ತಕ್ಕಡಿ ಅದೇ, ಡಬ್ಬಿಗಳು ಅವೇ. ಗಿರಾಕಿ ಮಾತ್ರ ಇಲ್ಲ. ಒಂದೇ ಓಣಿಯಲ್ಲಿದ್ದವರು ಒಬ್ಬರು ಈ ಸೆಕ್ಟರಿಗೆ, ಇನ್ನೊಬ್ಬರು ಆ ಸೆಕ್ಟರಿಗೆ ಹೋಗಿದ್ದರು. ಭಾನುವಾರ ಅಪ್ಪ ಸೈಕಲ್ಲಿನ ಕ್ಯಾರಿಯರ್‌ಗೆ ಉದ್ರಿ ಪುಸ್ತಕ ಸಿಗಿಸಿಕೊಂಡು ಹಳೇ ಗಿರಾಕಿಗಳ ಮನೆ ಹುಡುಕುತ್ತಾ ಹೋಗುತ್ತಿದ್ದ. ನಾನೂ ಎಷ್ಟೋ ಸಲ ಜೊತೆಗೆ ಹೋಗಿದ್ದೇನೆ. ಜನ ಕೆಟ್ಟವರಾಗಿರಲಿಲ್ಲ. ಒಳಗೆ ಕರೆದು ಚಹಾ ಕೊಡುತ್ತಿದ್ದರು, ಇದ್ದಷ್ಟು ಕೊಡುತ್ತಿದ್ದರು, ಹಳೇ ಓಣಿ ನೆನೆಸಿ ಕಣ್ಣಲ್ಲಿ ನೀರು ತರುತ್ತಿದ್ದರು. ಆದರೆ ಅರ್ಧ ಕೆಜಿ ಸಕ್ಕರೆಗೆ ಮೂರು ಕಿಲೋಮೀಟರ್ ಯಾರು ಬರುತ್ತಾರೆ? ಎರಡು ವರ್ಷಕ್ಕೆ ಅಂಗಡಿ ಮುಚ್ಚಿತು. “ಅಂಗಡಿ ಹೊತ್ತಕೊಂಡು ಬರಬಹುದು ತಮ್ಮಾ, ಓಣಿ ಹೊತ್ತಕೊಂಡು ಬರಾಕ ಆಗೂದಿಲ್ಲ” ಅಂತ ಅಪ್ಪ ಆಗಾಗ ಹೇಳುತ್ತಿದ್ದ.

ಆಮೇಲೆ ನಮ್ಮ ಸೆಕ್ಟರಿನಲ್ಲೂ ನಿಧಾನಕ್ಕೆ ಒಂದು ಓಣಿ ಬೆಳೆಯಿತು. ಸಂಘ ಮಾಡಿಕೊಂಡೆವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು, ಏಳು ಜನ ಇದ್ದರೆ ಸಂಘ ನೋಂದಾಯಿಸಬಹುದು. ನಮ್ಮ ಬೈಲಾದಲ್ಲಿ ಕುಡಿಯುವ ನೀರು, ಗಟಾರು, ಬೀದಿದೀಪ, ಗಣಪತಿ ಹಬ್ಬ ಎಲ್ಲಾ ಇತ್ತು. ಅಂಗಡಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಂಗಡಿಯವರು ಗಣಪತಿ ಪಟ್ಟಿ ಕೊಡಬೇಕು, ಅಷ್ಟೇ ನಮ್ಮ ಲೆಕ್ಕ.

2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ಆಗ ನಮ್ಮನ್ನು ಉಳಿಸಿದ್ದು ಓಣಿಯ ಕಿರಾಣಿ ಕಾಕಾ, ತಳ್ಳುಗಾಡಿಯ ತರಕಾರಿ ಅಕ್ಕ, ಹಾಲಿನವರು. ಸಂಬಳ ನಿಂತವರಿಗೂ ಕಾಕಾ ಇಲ್ಲ ಅನ್ನಲಿಲ್ಲ. ಎಲ್ಲಾ ಸರಿ ಹೋದ ಮೇಲೆ ನಾವು ಏನು ಮಾಡಿದೆವು? ಸಂಬಳ ಬಂದ ದಿನ ಗಾಡಿ ಹತ್ತಿ ದೊಡ್ಡ ಮಾರ್ಟಿಗೆ ಹೋಗಿ ತಿಂಗಳ ಸಂತಿ ತಂದೆವು. ಇಪ್ಪತ್ತನೇ ತಾರೀಕಿನ ಮೇಲೆ ಕೈ ಖಾಲಿಯಾದಾಗ ಮಗನನ್ನು ಕಾಕಾನ ಅಂಗಡಿಗೆ ಕಳಿಸಿ “ಬರಕೋರಿ ಅನ್ನು” ಅಂದೆವು. ನಾನೂ ಹಾಗೇ ಮಾಡಿದ್ದೇನೆ.

ಒಂದು ಸಂಜೆ ಅಂಗಡಿಗೆ ಹೋದರೆ ಹಲಗೆಗಳು ಅರ್ಧ ಖಾಲಿ. “ಯಾಕ್ರಿ ಕಾಕಾ, ಮಾಲು ತಂದಿಲ್ಲೇನು?” ಅಂದೆ.

“ತರಾಕ ರೊಕ್ಕ ಬೇಕಲ್ರಿ ಸರ. ರೊಕ್ಕ ಎಲ್ಲಾ ಇದರಾಗ ಐತಿ” ಅಂತ ಆ ಪುಸ್ತಕದ ಮೇಲೆ ಕೈ ಇಟ್ಟರು.

ಕೂತು ಕೂಡಿಸಿ ನೋಡಿದರೆ ಅವರ ಒಂದೂವರೆ ತಿಂಗಳ ಮಾಲಿನಷ್ಟು ರೊಕ್ಕ ಓಣಿಯ ಮನೆಗಳಲ್ಲಿ ಸಿಕ್ಕಿಕೊಂಡಿತ್ತು. ಹೋಲ್‌ಸೇಲ್‌ನವರು ನಗದು ಕೇಳುತ್ತಾರೆ. ನಗದು ಇಲ್ಲ ಅಂದರೆ ಮಾಲಿಲ್ಲ, ಮಾಲಿಲ್ಲ ಅಂದರೆ ನಗದಿನ ಗಿರಾಕಿಯೂ ಬರುವುದಿಲ್ಲ. ಸಣ್ಣ ಅಂಗಡಿ ಮುಚ್ಚುವುದು ಹೀಗೆ. ಒಂದೇ ದಿನ ಬಾಗಿಲು ಹಾಕುವುದಿಲ್ಲ, ಹಲಗೆ ಒಂದೊಂದಾಗಿ ಖಾಲಿಯಾಗುತ್ತದೆ.

ಮುಂದಿನ ಸಭೆಯಲ್ಲಿ ಇದನ್ನು ಇಟ್ಟೆವು. ಪುಸ್ತಕವನ್ನು ಸಭೆಗೆ ತರಲಿಲ್ಲ, ಯಾರ ಹೆಸರನ್ನೂ ಓದಲಿಲ್ಲ. ಇದು ಬಹಳ ಮುಖ್ಯ, ದಯವಿಟ್ಟು ನೆನಪಿಡಿ. ಉದ್ರಿ ಅನ್ನೋದು ಮನೆಯ ಮರ್ಯಾದೆ. ಅಂಗಡಿಯವರು ಅದನ್ನು ಇಷ್ಟು ವರ್ಷ ಕಾಪಾಡಿದ್ದಾರೆ, ಸಂಘ ಬಂದು ಬೀದಿಗೆ ಹಾಕಬಾರದು. ನಾವು ಕೇಳಿಕೊಂಡಿದ್ದು ಇಷ್ಟೇ: ಪ್ರತಿ ಮನೆಯವರೂ ತಾವಾಗಿ ಹೋಗಿ ತಮ್ಮ ಲೆಕ್ಕ ಕೇಳಿ. ಇದ್ದವರು ಹತ್ತನೇ ತಾರೀಕಿನೊಳಗೆ ತೀರಿಸಿ. ಪೂರ್ತಿ ಆಗದವರು ಇಷ್ಟಿಷ್ಟು ಕೊಡುತ್ತೇನೆ ಅಂತ ಹೇಳಿ ಬನ್ನಿ. ಕೂಲಿ ಮನೆಗಳದ್ದು, ಕಷ್ಟದಲ್ಲಿ ಇರುವವರದ್ದು ಅವರಿಗೂ ಅಂಗಡಿಯವರಿಗೂ ಬಿಟ್ಟಿದ್ದು. ಮೂರು ತಿಂಗಳಲ್ಲಿ ಬಹಳಷ್ಟು ಪುಟಗಳಿಗೆ ಗೆರೆ ಬಿತ್ತು.

ಅದರ ಜೊತೆ ಇನ್ನೊಂದು ಕೆಲಸ ಮಾಡಿದೆವು, ಅದು ಅಂಗಡಿಗೆ ನಿಜವಾಗಿ ಕಾಲು ಕೊಟ್ಟಿತು. ಹನ್ನೆರಡು ಮನೆಯವರು ತಿಂಗಳ ಸಂತಿಯ ಪಟ್ಟಿಯನ್ನು ಇಪ್ಪತ್ತೈದನೇ ತಾರೀಕಿಗೇ ಕಾಕಾನ ಕೈಗೆ ಕೊಡಲು ಶುರು ಮಾಡಿದೆವು. ಜೋಳ ಎಷ್ಟು, ಬೇಳೆ ಎಷ್ಟು, ಎಣ್ಣೆ ಎಷ್ಟು ಅಂತ ಮೊದಲೇ ಗೊತ್ತಾದರೆ ಅವರು ಕಿಲೋ ಲೆಕ್ಕದಲ್ಲಿ ತರುವ ಬದಲು ಚೀಲದ ಲೆಕ್ಕದಲ್ಲಿ ತರುತ್ತಾರೆ. ಅವರಿಗೆ ದರ ಇಳಿಯುತ್ತದೆ, ನಮಗೂ ಇಳಿಯುತ್ತದೆ. ಉಳಿದುಹೋಗುವ ಭಯ ಇಲ್ಲ. ದೊಡ್ಡ ಮಾರ್ಟಿಗೆ ಯಾರೂ ಹೋಗಲೇಬಾರದು ಅಂತ ನಾವು ಹೇಳಲಿಲ್ಲ. ಹಾಗೆ ಹೇಳಿದರೆ ಯಾರೂ ಕೇಳುವುದೂ ಇಲ್ಲ. ಪಟ್ಟಿಯ ಅರ್ಧ ಇಲ್ಲಿ ಕೊಡಿ ಅಂದೆವು, ಅಷ್ಟು ಸಾಕಾಯಿತು.

ಈಗ ನಾವು ಮಾಡಿದ ತಪ್ಪು ಹೇಳುತ್ತೇನೆ. ನೀವು ಹೊಸದಾಗಿ ಶುರು ಮಾಡುತ್ತಿದ್ದೀರಿ, ಇದನ್ನು ಮಾಡಬೇಡಿ.

ಸಂಘದ ಸದಸ್ಯರಿಗೆ ಕಾರ್ಡ್ ಮಾಡಿಸಿದೆವು. ಕಾರ್ಡ್ ತೋರಿಸಿದರೆ ಓಣಿಯ ಎಲ್ಲಾ ಅಂಗಡಿಗಳಲ್ಲಿ ನೂರಕ್ಕೆ ಐದು ರೂಪಾಯಿ ರಿಯಾಯಿತಿ. ಗಿರಾಕಿ ಜಾಸ್ತಿ ಬರುತ್ತಾರೆ, ಅಂಗಡಿಗೂ ಒಳ್ಳೇದು ಅಂತ ನಮ್ಮ ಲೆಕ್ಕ. ಸಂಘದ ಐದಾರು ಹಿರಿಯರು ಎದುರಿಗೆ ನಿಂತು ಕೇಳಿದರೆ ಯಾವ ಅಂಗಡಿಯವರು ಆಗಲ್ಲ ಅಂತಾರೆ? ಎಲ್ಲರೂ ಒಪ್ಪಿದರು. ಹಾಲಿನ ಪಾಕೀಟಿನಲ್ಲಿ ಅವರಿಗೆ ಉಳಿಯೋದೇ ಚಿಲ್ಲರೆ, ಅದರಲ್ಲಿ ನಾವು ಐದು ಪರ್ಸೆಂಟ್ ಕೇಳಿದ್ದೆವು. ನಾಲ್ಕು ತಿಂಗಳ ಮೇಲೆ ಟೇಲರ್ ಅಂಗಡಿಯ ಅಕ್ಕ ನಮ್ಮ ಮನೆಯವರ ಹತ್ತಿರ ಹೇಳಿದರಂತೆ: “ಸಂಘದವರು ಸಹಾಯ ಮಾಡತೀವಿ ಅಂತ ಬಂದು ನಮ್ಮ ಕಡೆಯಿಂದನ ಇಸಗೊಂಡು ಹೋದ್ರಲ್ರಿ ವೈನಿ.” ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮುಂದಿನ ವಾರವೇ ಕಾರ್ಡ್ ವಾಪಸ್ ತೆಗೆದುಕೊಂಡೆವು. ಅಂಗಡಿ ಅಂಗಡಿಗೆ ಹೋಗಿ ತಪ್ಪಾಯಿತು ಅಂದೆವು.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಯಾವ ಹೊಸ ಯೋಜನೆ ಇದ್ದರೂ ಮೊದಲು ಅಂಗಡಿಯವರನ್ನು ಕೂರಿಸಿ ಕೇಳುತ್ತೇವೆ. ಅದೂ ಅವರಿಗೆ ಬಿಡುವಿದ್ದಾಗ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ಸಂಘದ ಸಭೆ ಸಂಜೆ ಏಳಕ್ಕೆ ಇಟ್ಟರೆ ಅವರು ಬರಲು ಆಗುವುದಿಲ್ಲ, ಅದು ವ್ಯಾಪಾರದ ಹೊತ್ತು. ಎಷ್ಟೋ ವರ್ಷ ಈ ಸಣ್ಣ ವಿಷಯ ನಮಗೆ ಹೊಳೆದಿರಲಿಲ್ಲ.

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕೊಲ್ಹಾರದ ಸೇತುವೆ ದಾಟಿ ಬರುವಾಗ ಮೊಸರು ನೆನಪಾಯಿತು. ಸ್ವಲ್ಪ ದಾರಿ ತಪ್ಪುತ್ತೇನೆ, ಇರಲಿ. ಕೊಲ್ಹಾರದ ಗಡಿಗೆ ಮೊಸರಿಗೆ ಯಾರೂ ಬೋರ್ಡ್ ಹಾಕಿ ಹೆಸರು ತಂದುಕೊಟ್ಟಿಲ್ಲ. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು ಅಂತ ತಿಂದವರು ತಿನ್ನದವರಿಗೆ ಹೇಳಿದರು. ಅಮೀನಗಡದ ಕರದಂಟೂ ಹಾಗೇ. ಊರಿನ ಹೆಸರು ಹೇಳಿದರೆ ತಿನಿಸು ನೆನಪಾಗುವ ಹಾಗೆ ಆಗಿದ್ದು ಜನರ ಬಾಯಿಂದ. ಒಂದು ಬಡಾವಣೆಗೂ ಅಂಥ ಬಾಯಿ ಇರುತ್ತದೆ. ಅದನ್ನು ಬಳಸಬೇಕು.

ನಮ್ಮ ರೊಟ್ಟಿ ಅಕ್ಕಾರ ವಿಷಯ ಹೇಳುತ್ತೇನೆ. ಅವರು ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾರೆ. ಎಸರಿಟ್ಟು, ಬಿಸಿನೀರು ಹಾಕಿ ಜೋಳದ ಹಿಟ್ಟು ನಾದಿ, ಬಡಿಯಲು ಕೂರುತ್ತಾರೆ. ಕೈಯ ಸಪ್ಪಳ ಒಂದೇ ಸಮ ಬರುತ್ತದೆ, ಹಿಟ್ಟು ತಿರುಗುತ್ತಾ ತಿರುಗುತ್ತಾ ಅಗಲವಾಗುತ್ತದೆ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ತಿರುವಿ ಹಾಕಿ, ಬೆಂದ ಮೇಲೆ ಒಲೆಯ ಸುತ್ತ ಒರಗಿಸಿ ನಿಲ್ಲಿಸುತ್ತಾರೆ. ಕಾವಿಗೆ ಕಟಕ್ ಅನ್ನುವ ಹಾಗೆ ಆಗುತ್ತದೆ. ಖಡಕ್ ರೊಟ್ಟಿ ಅಂದರೆ ಅದು.

ಅವರ ತೊಂದರೆ ಕೈಯಲ್ಲಿ ಇರಲಿಲ್ಲ, ಆರ್ಡರಿನಲ್ಲಿ ಇತ್ತು. ಒಂದು ದಿನ ಐದುನೂರು ರೊಟ್ಟಿ ಬೇಕು ಅಂತ ರಾತ್ರಿ ಹೇಳುತ್ತಾರೆ, ಆಮೇಲೆ ನಾಲ್ಕು ದಿನ ಯಾರೂ ಕೇಳುವುದಿಲ್ಲ. ಐದೈದು ಕೆಜಿ ಜೋಳ ಚಿಲ್ಲರೆ ದರದಲ್ಲಿ ತಂದು ಗಿರಣಿಗೆ ಹಾಕಿಸುತ್ತಿದ್ದರು. ನಾವು ಮಾಡಿದ್ದು ಇಷ್ಟು. ಸಂಘದಲ್ಲಿ ಒಂದು ಪುಸ್ತಕ ಇಟ್ಟೆವು. ಸೀಮಂತ, ತೊಟ್ಟಿಲು, ಜವಳ, ಮನೆ ಪ್ರವೇಶ, ಯಾರ ಮನೆಯಲ್ಲಿ ಏನೇ ಇದ್ದರೂ ತಿಂಗಳು ಮೊದಲು ತಾರೀಕು ಬರೆಸಬೇಕು, ಅರ್ಧ ರೊಕ್ಕ ಮುಂಗಡ ಕೊಡಬೇಕು. ಆ ಮುಂಗಡದ ರೊಕ್ಕದಲ್ಲಿ ಅಕ್ಕಾರು ಸುಗ್ಗಿಯಲ್ಲೇ ರೈತರ ಹತ್ತಿರ ಒಂದು ಕ್ವಿಂಟಲ್ ಮಾಲದಂಡಿ ಜೋಳ ತಂದು ಹಾಕಿಕೊಂಡರು. ನಿಮ್ಮ ವಿಜಯಪುರ ಸೀಮೆಯದೇ ಬಿಳಿ ಜೋಳ. ಈಗ ಅವರ ಜೊತೆ ಇನ್ನಿಬ್ಬರು ಹೆಣ್ಣುಮಕ್ಕಳು ಬಡಿಯುತ್ತಾರೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಯೂ ಮಾಡುತ್ತಾರೆ. ಪಂಚಮಿ ಬಂದರೆ ಉಂಡಿ. ರೂಮು ಮಾಡಿಕೊಂಡು ಓದುವ ಹುಡುಗರು ವಾರಕ್ಕೊಮ್ಮೆ ಬಂದು ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾರೆ.

ನೀವೂ ಸಂಕ್ರಾಂತಿಗೆ ಇದನ್ನು ಮಾಡಬಹುದು. ಸಿದ್ಧೇಶ್ವರ ಜಾತ್ರೆಗೆ ಊರ ತುಂಬಾ ನೆಂಟರು ಬರುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಎಷ್ಟು ಮನೆಗೆ ಬೇಕು ಅಂತ ಡಿಸೆಂಬರ್‌ನಲ್ಲೇ ಬರೆದುಕೊಳ್ಳಿ. ಮಾಡುವ ಕೈಗಳು ನಿಮ್ಮ ಬಡಾವಣೆಯಲ್ಲೇ ಇವೆ.

ಟೇಲರ್ ಅಂಗಡಿಗೂ ಇದೇ ರೀತಿ. ಜೂನ್‌ನಲ್ಲಿ ಶಾಲೆ ಸಮವಸ್ತ್ರ ಹೊಲಿಸುವವರು ಮೇ ಮೊದಲ ವಾರದಲ್ಲೇ ಅಳತೆ ಕೊಟ್ಟು ಅರ್ಧ ಮುಂಗಡ ಕೊಡಿ ಅಂದೆವು. ಅವರೂ ಬಟ್ಟೆಯನ್ನು ಇಡೀ ಥಾನಿನ ಲೆಕ್ಕದಲ್ಲಿ ತಂದರು.

ಇನ್ನು ಕಾಗದಪತ್ರ. ಇದು ಸುಮ್ನೆ ಬೇಸರದ ಕೆಲಸ ಅನ್ನಿಸುತ್ತದೆ, ಆದರೆ ಸಂಘದಲ್ಲಿ ಓದಿದ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಎಷ್ಟು ಉಪಕಾರ ಆಗುತ್ತದೆ ಗೊತ್ತಾ? ಉದ್ಯಮ್ ನೋಂದಣಿಗೆ, ಅಂದರೆ ಸಣ್ಣ ಉದ್ದಿಮೆ ಅಂತ ಹೆಸರು ಬರೆಸುವುದಕ್ಕೆ, ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಅದನ್ನೇ ಮಾಡಿಕೊಡಲು ನಮ್ಮ ಅಂಗಡಿಯವರೊಬ್ಬರ ಹತ್ತಿರ ಯಾರೋ ಸಾವಿರಗಟ್ಟಲೆ ಕೇಳಿದ್ದರು. ರೊಟ್ಟಿ ಅಕ್ಕಾರಿಗೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು, ಅಷ್ಟೇ. ಆ ಕಾಗದ ಬಂದ ಮೇಲೆ ಬೇರೆ ಬಡಾವಣೆಯ ಅಂಗಡಿಗಳೂ ಅವರ ಹಿಂಡಿ ಪಾಕೀಟು ಇಟ್ಟುಕೊಂಡವು.

2025ರ ಜುಲೈನಲ್ಲಿ ಫೋನ್ ಪಾವತಿಯ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದವು ಅಂತ ರಾಜ್ಯದಲ್ಲಿ ಗದ್ದಲ ಆಯಿತಲ್ಲ, ಆಗ ನಮ್ಮ ಓಣಿಯಲ್ಲೂ ಗಾಬರಿ. ಇಬ್ಬರು ಸ್ಕ್ಯಾನರ್ ತೆಗೆದು ಒಳಗೆ ಇಟ್ಟಿದ್ದರು. ತೆರಿಗೆ ಗೊತ್ತಿದ್ದವರೊಬ್ಬರನ್ನು ಕರೆಸಿ ಒಂದು ಮಧ್ಯಾಹ್ನ ಕೂರಿಸಿದೆವು. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷದ ವಹಿವಾಟಿನ ತನಕ ಜಿಎಸ್‌ಟಿ ನೋಂದಣಿ ಬೇಡ, ಹಸಿ ತರಕಾರಿಗೆ ತೆರಿಗೆಯೇ ಇಲ್ಲ ಅಂತ ಅವರು ಬಿಡಿಸಿ ಹೇಳಿದರು. ಮನೆ ರೊಕ್ಕ, ಅಂಗಡಿ ರೊಕ್ಕಕ್ಕೆ ಬೇರೆ ಬೇರೆ ಖಾತೆ ಇಡಿ ಅಂದರು. ಮರುದಿನ ಸ್ಕ್ಯಾನರ್ ಹೊರಗೆ ಬಂದವು.

ಈಗ ತಳ್ಳುಗಾಡಿಯವರ ವಿಷಯ. ಇಲ್ಲಿ ನಿವಾಸಿಗಳ ಸಂಘಗಳ ಮೇಲೆ ನನಗೆ ಬೇಜಾರಿದೆ, ನಮ್ಮದೂ ಸೇರಿ. ಬಹಳ ಊರುಗಳಲ್ಲಿ ಸಂಘದವರು ಬರೆಯುವ ಮೊದಲ ಅರ್ಜಿ ಯಾವುದು? ಗಾಡಿಯವರನ್ನು ಎಬ್ಬಿಸಿ ಅನ್ನೋದು. ಬೆಳಿಗ್ಗೆ ಅವರ ಹತ್ತಿರ ಕೊತ್ತಂಬರಿ ತೆಗೆದುಕೊಂಡು ಮಧ್ಯಾಹ್ನ ಅರ್ಜಿ ಬರೆಯುತ್ತೇವೆ.

ಬೀದಿ ವ್ಯಾಪಾರಿಗಳಿಗೆ 2014ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ಐದು ವರ್ಷಕ್ಕೆ ಒಮ್ಮೆಯಾದರೂ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಇದ್ದವರನ್ನು ಎಬ್ಬಿಸುವ ಹಾಗಿಲ್ಲ. ಸ್ಥಳ ಬದಲಿಸಬೇಕೆಂದರೆ 30 ದಿನದ ನೋಟಿಸ್ ಕೊಡಬೇಕು. ಸರಕು ಜಪ್ತಿ ಮಾಡಿದರೂ, ಕೆಡುವಂಥದ್ದನ್ನು ಕೇಳಿದ ದಿನವೇ ವಾಪಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದು ಇರುತ್ತದೆ. ಅದರಲ್ಲಿ ನೂರಕ್ಕೆ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ನಿವಾಸಿಗಳ ಸಂಘಗಳಿಗೂ ಅದರಲ್ಲಿ ಜಾಗ ಇದೆ. ಆ ಕುರ್ಚಿಯಲ್ಲಿ ನೀವು ಕೂತಾಗ ಯಾರ ಪರ ಮಾತಾಡುತ್ತೀರಿ ಅನ್ನೋದನ್ನು ಇವತ್ತೇ ನಿಮ್ಮೊಳಗೆ ಮಾತಾಡಿಕೊಳ್ಳಿ.

ಸಮೀಕ್ಷೆ ನಡೆಯುವಾಗ ನಿಮ್ಮ ತರಕಾರಿ ಅಕ್ಕ ಆ ಹೊತ್ತಿಗೆ ಅಲ್ಲಿ ಇರುತ್ತಾರೋ ಇಲ್ಲವೋ ನೋಡಿ. ಇಲ್ಲದಿದ್ದರೆ ಫೋನ್ ಮಾಡಿ ಕರೆಯಿರಿ. ಹೆಸರು ತಪ್ಪಿದವರಿಗೆ ಶಿಫಾರಸು ಪತ್ರ ಸಿಗುವ ಹಾಗೆ ಓಡಾಡಿ. ಬೀದಿ ವ್ಯಾಪಾರಿಗಳಿಗೆ ಅಂತಲೇ ಇರುವ ಕೇಂದ್ರದ ಪಿಎಂ ಸ್ವನಿಧಿ ಸಾಲಕ್ಕೆ ಪ್ರಮಾಣಪತ್ರವೋ ಶಿಫಾರಸು ಪತ್ರವೋ ಇಂಥ ಕಾಗದ ಬೇಕು. 2020ರಲ್ಲಿ ಶುರುವಾದಾಗ ಮೊದಲ ಕಂತು 10,000 ಇತ್ತು. 2025ರಲ್ಲಿ ಅದನ್ನು 15,000 ಮಾಡಿದರು, ಎರಡನೆಯದು 25,000, ಮೂರನೆಯದು 50,000. ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ನೂರಕ್ಕೆ 7ರಷ್ಟು ಸಹಾಯಧನ ಬರುತ್ತದೆ. ದಿನದ ಬಡ್ಡಿಗೆ ರೊಕ್ಕ ತಂದು ಗಾಡಿ ತುಂಬಿಸುವವರಿಗೆ ಇದು ಎಷ್ಟು ದೊಡ್ಡದು ಅಂತ ಯೋಚನೆ ಮಾಡಿ.

ಹಾಗಂತ ಜಗಳವೇ ಇರಲ್ಲ ಅಂತ ಅಲ್ಲ. ನಮ್ಮಲ್ಲಿ ಮೂಲೆಯ ಚಹಾದ ಅಂಗಡಿಯ ಮೇಲೆ ದೊಡ್ಡ ತಕರಾರು ಆಗಿತ್ತು. ರಾತ್ರಿ ಹನ್ನೊಂದರ ತನಕ ಹುಡುಗರು, ಬೈಕು, ಗದ್ದಲ, ಗಟಾರಿನ ತುಂಬಾ ಕಾಗದದ ಕಪ್ಪು. ಎದುರು ಮನೆಯಲ್ಲಿ ವಯಸ್ಸಾದ ತಾಯಿ ಹಾಸಿಗೆ ಹಿಡಿದಿದ್ದರು. ಎರಡೂ ಕಡೆಯವರನ್ನು ಅದೇ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಮಾತಾಡಿದೆವು. ಒಂಬತ್ತೂವರೆಗೆ ಒಲೆ ಆರಿಸುವುದು, ಬೈಕು ಆಚೆ ಬದಿಗೆ ನಿಲ್ಲಿಸುವುದು ಅಂತ ಆಯಿತು. ಕಸದ ಡಬ್ಬಿ ಸಂಘ ಕೊಟ್ಟಿತು. ಗಾಜಿನ ಲೋಟ ಮತ್ತೆ ಬಂತು. ಆ ತಾಯಿಗೆ ಸಂಜೆಯ ಚಹಾ ಈಗ ಅದೇ ಅಂಗಡಿಯಿಂದ ಹೋಗುತ್ತದೆ.

ಕೊನೆಗೆ ಹಿಂದೆ ಕೂತಿರುವ ಅಣ್ಣಾರು ಒಂದು ಪ್ರಶ್ನೆ ಕೇಳಿದ್ದಾರೆ, ಅವರದೂ ಕಿರಾಣಿ ಅಂಗಡಿಯಂತೆ. “ಉದ್ರಿ ಕೊಡೂದ ಬಂದ್ ಮಾಡಿದ್ರ ಈ ತ್ರಾಸ ಇರೂದಿಲ್ಲಲ್ರಿ?” ಅಂತ. ಇದೇ ಪ್ರಶ್ನೆಯನ್ನು ನಾನು ನಮ್ಮ ಕಾಕಾನಿಗೆ ಕೇಳಿದ್ದೆ. ಅವರು ಪುಸ್ತಕ ತಿರುವಿ ಒಂದು ಪುಟ ತೋರಿಸಿದರು. ದಿನಗೂಲಿಗೆ ಹೋಗುವ ಹೆಣ್ಣುಮಗಳದ್ದು. ಕೆಲಸ ಇಲ್ಲದ ವಾರ ಹಿಟ್ಟು, ಎಣ್ಣೆ, ಮಗುವಿಗೆ ಬಿಸ್ಕೀಟು ಬರೆದಿತ್ತು. ಶನಿವಾರ ಕೂಲಿ ಬಟವಾಡೆಯಾದ ಕೂಡಲೇ ತಪ್ಪದೆ ಗೆರೆ. ಎರಡು ವರ್ಷದ ಪುಟಗಳು, ಒಂದು ವಾರವೂ ತಪ್ಪಿರಲಿಲ್ಲ. “ಇವರಿಗೆ ಹೆಂಗ ಬಂದ್ ಮಾಡ್ಲಿ ಹೇಳ್ರಿ” ಅಂದರು. ಅದಕ್ಕೇ ಅಣ್ಣಾರ, ಸಂಬಳ ಬರುವ ನಮ್ಮಂಥವರ ಪುಟಗಳು ಮೊದಲು ಮುಗಿಯಲಿ. ನಿಮ್ಮ ಸಂಘದವರು ಇಲ್ಲೇ ಕೂತಿದ್ದಾರೆ, ಈ ತಿಂಗಳ ಹತ್ತನೇ ತಾರೀಕು ಇನ್ನೂ ಬಂದಿಲ್ಲ.